ಗಂಡು ಎಂದು ಬರೆದದ್ದು

ಅತನೂರ
24 ಮಾರ್ಚ್ 2024

ಏನ್ರೀ, ಶರಣು.

ಫೋನು ಬಿಟ್ಟು ಕಾಗದ ಬರೆಯುತ್ತಿದ್ದಾಳೆ ಎಂದು ಆಶ್ಚರ್ಯಪಡಬೇಡಿ. ಫೋನಿನಲ್ಲಿ ನೀವು ಸುಮ್ಮನಾಗಿಬಿಡುತ್ತೀರಿ, ನಾನೂ ಸುಮ್ಮನಾಗುತ್ತೇನೆ. ಆಮೇಲೆ ‘ಊಟ ಆಯ್ತಾ’ ಎಂದು ಕೇಳಿ ಇಟ್ಟುಬಿಡುತ್ತೇವೆ. ಸೆಪ್ಟೆಂಬರಿನಿಂದ ಗಂಡ ಹೆಂಡತಿ ಆಡಿದ್ದು ಇಷ್ಟೇ ಮಾತು. ಕಾಗದದಲ್ಲಾದರೆ ಏನಾದರೂ ಬರೆಯಲೇಬೇಕಲ್ಲ. ಅಳತೆಯ ಹಾಳೆಗಳನ್ನು ಮೇಲ್‌ನಲ್ಲಿ ಕಳಿಸುತ್ತೇನೆ, ಮಿಕ್ಕದ್ದನ್ನು ಹೀಗೆ.

ಬಾನುಬಿ ಎಂಬವರ ಮನೆಯ ಮುಂದಿನ ಖೋಲಿ ಸಿಕ್ಕಿದೆ. ಅವರ ಮಗ ಬಂದೇನವಾಜ ನನಗೆ ಓತಿಕ್ಯಾತ ಹಿಡಿದುಕೊಡುತ್ತಾನೆ. ಮೂರು ಹೆಣ್ಣುಮಕ್ಕಳ ತಂದೆ, ಬಾಯಿ ತುಂಬ ಮಾತು. ಬಿಸಿಲೇರುವ ಮೊದಲೇ ಊರ ಹೊರಗಿನ ಕಲ್ಲುನೆಲದ ಮಡ್ಡಿಗೆ ಹೋಗುತ್ತೇವೆ. ಗಂಡು ಕಲ್ಲಿನ ಮೇಲೆ ಹತ್ತಿ ನಿಂತು, ಗಂಟಲ ಕೆಳಗಿನ ನೀಲಿ ಕೇಸರಿ ಬೀಸಣಿಗೆಯನ್ನು ಬಿಚ್ಚಿ ಮುಚ್ಚಿ ಮಾಡುತ್ತಿರುತ್ತದೆ. ಹೆಣ್ಣು ಮಣ್ಣಿನ ಬಣ್ಣದ್ದು, ಚಿಕ್ಕದು. ಕಾಲ ಬುಡದಲ್ಲೇ ಇದ್ದರೂ ಕಾಣುವುದಿಲ್ಲ. ಕೋಲಿನ ತುದಿಯ ಕುಣಿಕೆಯಿಂದ ಹಿಡಿದು, ಮೂತಿಯಿಂದ ಬಾಲದ ಬುಡದವರೆಗಿನ ಉದ್ದ, ತಲೆಯ ಅಗಲ, ತೂಕ ಬರೆದುಕೊಂಡು, ಹಿಡಿದ ಜಾಗದಲ್ಲೇ ಬಿಡುತ್ತೇವೆ.

ಅಫಜಲಪುರ ತಾಲೂಕಿನ ಈ ಮಡ್ಡಿ, ಆಮೇಲೆ ಜೇವರ್ಗಿ, ಕೊನೆಗೆ ಆಳಂದ. ಒಂದೇ ಜಾತಿಯ ಓತಿಯಲ್ಲಿ ಗಂಡು ಹೆಣ್ಣಿನ ಮೈಯ ವ್ಯತ್ಯಾಸ ನೆಲದಿಂದ ನೆಲಕ್ಕೆ ಬದಲಾಗುತ್ತದೆಯೇ ಎಂಬ ನಮ್ಮ ಪ್ರಶ್ನೆ ನೆನಪಿದೆಯಲ್ಲ? ಮದುವೆಗೆ ಮುಂಚೆ, ಕಲಬುರಗಿಯ ಕ್ಯಾಂಟೀನಿನಲ್ಲಿ ಕೂತು ಇಬ್ಬರೂ ಸೇರಿ ಮಾಡಿಕೊಂಡದ್ದು. ನಾನು ಹಿಡಿಯುವುದು, ನೀವು ಲೆಕ್ಕ ಹಾಕುವುದು ಎಂದು.

ನಮ್ಮ ಮಗನಿಗೆ ಈಗ ಆರು ತಿಂಗಳು ತುಂಬುತ್ತಿತ್ತು. ಗೋಡೆಗೆ ದಿಂಬು ಆನಿಸಿ ಕೂರಿಸಬಹುದಿತ್ತು. ಇದನ್ನು ಫೋನಿನಲ್ಲಿ ಹೇಳಲು ಆಗಿರಲಿಲ್ಲ.

ನಿಮ್ಮ
ಶೈಲಶ್ರೀ


ಹೈದರಾಬಾದ
2 ಏಪ್ರಿಲ್ 2024

ಪ್ರಿಯ ಶೈಲಾ,

ಕಾಗದ ತಲುಪಿತು. ಮೊದಲ ಕಂತಿನ ಅಳತೆಗಳನ್ನು ನೋಡಿದೆ. ಚೆನ್ನಾಗಿವೆ.

ಅತನೂರಿನ ಗಂಡುಗಳ ಸರಾಸರಿ ಉದ್ದ ಹೆಣ್ಣುಗಳದ್ದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದೆ. ಆದರೆ ದೊಡ್ಡ ಮೈಗೆ ದೊಡ್ಡ ತಲೆ ಇರುವುದು ಸಹಜ. ಆದ್ದರಿಂದ ಒಂದೇ ಉದ್ದದ ಗಂಡು ಹೆಣ್ಣುಗಳನ್ನು ಎದುರು ಬದುರು ಇಟ್ಟು ತಲೆಯನ್ನು ಹೋಲಿಸಬೇಕು. ಆಗಲೂ ವ್ಯತ್ಯಾಸ ಉಳಿದರೆ ಅದು ನಿಜವಾದದ್ದು. ಇನ್ನೊಂದು ಮಾತು. ಎರಡರ ಹಂಚಿಕೆಯನ್ನು ಚಿತ್ರ ಬರೆದರೆ ಅಕ್ಕಪಕ್ಕದ ಎರಡು ಗುಡ್ಡಗಳಂತೆ ಕಾಣುತ್ತವೆ. ಬುಡದಲ್ಲಿ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಆ ಬುಡದಲ್ಲಿ ಸಿಕ್ಕ ಓತಿ ಯಾವುದೆಂದು ಅಳತೆಯಿಂದ ಹೇಳಲಾಗುವುದಿಲ್ಲ. ಬೀಸಣಿಗೆ ಮೂಡದ ಎಳೆಯ ಗಂಡು ಹೆಣ್ಣಿನ ಹಾಗೇ ಇರುತ್ತದೆ. ಅಂಥದ್ದನ್ನು ಊಹೆಯಿಂದ ತುಂಬಬೇಡ. ಗೊತ್ತಿಲ್ಲದಿದ್ದರೆ ಖಾಲಿ ಬಿಡು. ತಪ್ಪಾಗಿ ಬರೆದ ಒಂದು ಓತಿ ಎರಡೂ ಕಡೆಯ ಲೆಕ್ಕ ಕೆಡಿಸುತ್ತದೆ.

ಕೊನೆಯಲ್ಲಿ ನೀನು ಬರೆದದ್ದನ್ನೂ ಓದಿದೆ. ಬಿಸಿಲು ಹೆಚ್ಚಾಗಿರಬೇಕು. ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗು, ನೀರು ಕುಡಿ.

ಶಾಂತಕುಮಾರ


ಅತನೂರ
21 ಏಪ್ರಿಲ್ 2024

ಏನ್ರೀ,

ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೇನೆ. ನೀರು ಕುಡಿಯುತ್ತಿದ್ದೇನೆ.

ಹೆಣ್ಣುಗಳು ಮೊಟ್ಟೆ ಕಟ್ಟಿಕೊಂಡಿವೆ. ನಿನ್ನೆ ಒಂದನ್ನು ಕೈಯಲ್ಲಿ ಹಿಡಿದಿದ್ದೆ. ಹೊಟ್ಟೆಯ ತೆಳು ಚರ್ಮದ ಕೆಳಗೆ ಮೊಟ್ಟೆಗಳು ಹೆಸರುಕಾಳಿನ ಹಾಗೆ ಬೆರಳಿಗೆ ಹತ್ತಿದವು. ಅದರ ಎದೆ ಜೋರಾಗಿ ಬಡಿದುಕೊಳ್ಳುತ್ತಿತ್ತು. ಬಂದೇನವಾಜ, ‘ಬಿಡ್ರಿ ಮೇಡಮ್, ಬಸರಿ ಅದ. ನಿಮ್ಮ ಪುಸ್ತಕಕ್ಕ ಇನ್ನೊಂದು ಹಿಡದು ಕೊಡ್ತೇನಿ’ ಎಂದ. ಬಿಡಲಿಲ್ಲ. ಅಳೆದು, ತೂಗಿ, ಬರೆದುಕೊಂಡು ಆಮೇಲೆ ಬಿಟ್ಟೆ. ಕಲ್ಲಿನ ಸಂದಿಗೆ ಓಡಿತು. ನಾನು ಅಲ್ಲಿಯೇ ಕೂತು ಅತ್ತುಬಿಟ್ಟೆ. ಪಾಪ, ಅವನು ಬಾಟಲಿಯ ನೀರು ನನ್ನ ಪಕ್ಕಕ್ಕಿಟ್ಟು ದೂರ ಹೋಗಿ ನಿಂತ.

ಒಂದು ಮಾತು ನಿಮಗೆ ಹೇಳಬೇಕು. ಯಾರಿಗೂ ಹೇಳಿಲ್ಲ. ಅವ್ವ ತೀರಿಕೊಂಡು ಮೂರು ತಿಂಗಳು ತುಂಬುವ ಮೊದಲೇ ಬಸಿರಾದೆನಲ್ಲ, ಅವ್ವನೇ ಬರುತ್ತಿದ್ದಾಳೆ ಎಂದುಕೊಂಡುಬಿಟ್ಟಿದ್ದೆ. ಅವ್ವನ ಗಂಗಾಬಾಯಿ ಎಂಬ ಹೆಸರನ್ನೇ ಚಿಕ್ಕದು ಮಾಡಿ ಗಂಗಾ, ಗಂಗಾ ಎಂದು ಹೊಟ್ಟೆ ಸವರುತ್ತಿದ್ದುದನ್ನು ನೀವು ನೋಡಿ ನಗುತ್ತಿದ್ದಿರಿ. ಎಂಟು ತಿಂಗಳು ನನ್ನ ಮಗನನ್ನು ಇನ್ನೊಬ್ಬರ ಹೆಸರಿನಿಂದ ಕರೆದೆ. ಒಳಗೆ ಅವನಿಗೆ ಕೇಳಿಸುತ್ತಿತ್ತಲ್ಲವೇ? ಈ ಅವ್ವನಿಗೆ ನಾನು ಬೇಡ, ಹೆಣ್ಣು ಬೇಕು ಎಂದು ತಿಳಿದುಕೊಂಡು ಹೋದನೇನೋ. ಹೆರಿಗೆಗೆ ಮೊದಲೇ ಮಾಸು ಕಳಚಿ ಹೀಗಾಯಿತು ಎಂದು ಡಾಕ್ಟರು ಹೇಳಿದ್ದು ನನಗೂ ಗೊತ್ತು. ಪ್ರಾಣಿಶಾಸ್ತ್ರ ಓದಿದವಳು. ಆದರೂ ಹಾಗೆ ಅನ್ನಿಸುವುದು ತಪ್ಪುತ್ತಿಲ್ಲ.

ನೀವು ಅವನನ್ನು ನೋಡಿದ್ದೀರಿ. ನಾನು ಎಚ್ಚರಾಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದಿರಿ. ಅವನ ಮುಖದಲ್ಲಿ ಬೇಸರವಿತ್ತೇ? ಇದಕ್ಕೆ ಉತ್ತರ ಬರೆಯಿರಿ.

ಶೈಲಾ


ಹೈದರಾಬಾದ
15 ಮೇ 2024

ಶೈಲಾ,

ತಡವಾಯಿತು. ಕಾಲೇಜಿನಲ್ಲಿ ತಿದ್ದಲು ಪರೀಕ್ಷೆಯ ಪೇಪರುಗಳು ಬಂದಿದ್ದವು.

ನೀನು ಹಾಗೆಲ್ಲ ಯೋಚಿಸಬಾರದು. ಅದರಲ್ಲಿ ಸತ್ಯವಿಲ್ಲ. ಸ್ವಲ್ಪವೂ ಇಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುತ್ತಿಲ್ಲ.

ಅತನೂರಿನ ಲೆಕ್ಕ ಮುಗಿಯಿತು. ಮೈಯ ಉದ್ದವನ್ನು ಸರಿದೂಗಿಸಿದ ಮೇಲೂ ಗಂಡಿನ ತಲೆ ದೊಡ್ಡದು. ಹೆಣ್ಣಿನಲ್ಲಿ ಮುಂಗಾಲು ಹಿಂಗಾಲುಗಳ ನಡುವಿನ ಮೈ ಉದ್ದ, ಮೊಟ್ಟೆಗೆ ಜಾಗ ಬೇಕಲ್ಲ. ಜೇವರ್ಗಿಯದ್ದರಲ್ಲಿ ಮಾತ್ರ ಏನೋ ಎಡವಟ್ಟಿದೆ. ಕೆಲವು ಗಂಡುಗಳು ತೀರ ಚಿಕ್ಕವು. ಬೀಸಣಿಗೆ ನೋಡಿಯೇ ಬರೆದೆಯಾ, ಅಥವಾ ಬಂದೇನವಾಜ ಹೇಳಿದ್ದನ್ನು ಬರೆದುಕೊಂಡೆಯಾ?

ಶಾಂತಕುಮಾರ


ಜೇವರ್ಗಿ
22 ಮೇ 2024

ಶಾಂತಕುಮಾರ ಅವರಿಗೆ,

ಒಂದೊಂದನ್ನೂ ನಾನೇ ಕೈಯಲ್ಲಿ ಹಿಡಿದು, ಗಂಟಲ ಚರ್ಮ ಎಳೆದು ನೋಡಿ ಬರೆದಿದ್ದೇನೆ. ಇಲ್ಲಿಯ ಗಂಡುಗಳೇ ಚಿಕ್ಕವು. ನೆಲ ಹಾಗಿದೆ. ಎರೆಹೊಲಗಳ ನಡುವೆ ಅಂಗೈಯಗಲ ಉಳಿದ ಮಡ್ಡಿ. ಹತ್ತಿ ನಿಲ್ಲಲು ಕಲ್ಲಿಲ್ಲ, ಕಾದಾಡಲು ಜಾಗವಿಲ್ಲ. ನಿಮ್ಮ ಚಿತ್ರದ ಗುಡ್ಡಗಳಿಗೆ ಹೊಂದುವುದಿಲ್ಲವೆಂದು ಪ್ರಾಣಿಯನ್ನೇ ಸುಳ್ಳು ಮಾಡಬೇಡಿ.

ನಾನು ಏನು ಕೇಳಿದ್ದೆ, ನೀವು ಏನು ಬರೆದಿರಿ? ಇಪ್ಪತ್ತಕ್ಕೂ ಹೆಚ್ಚು ದಿನ ಅಂಚೆಯವನ ದಾರಿ ಕಾದೆ. ನಿಮಗೆ ಮಗನ ಬಗ್ಗೆ ಒಂದು ಸಾಲು ಬರೆಯುವಷ್ಟೂ ದುಃಖವಿಲ್ಲವೇ? ಅಥವಾ ನನ್ನ ಮೇಲೆ ಸಿಟ್ಟೇ? ನಾನು ಊರೂರು ತಿರುಗಿದ್ದಕ್ಕೇ ಹೀಗಾಯಿತು ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಅಂದಿದ್ದರೆ ಅದನ್ನಾದರೂ ಹೇಳಿ. ಈ ಮೌನಕ್ಕಿಂತ ಅದು ವಾಸಿ.

ಮುಂದಿನ ವಾರ ಆಳಂದ ತಾಲೂಕಿಗೆ ಹೋಗುತ್ತಿದ್ದೇನೆ. ಸರಸಂಬಾದ ನಿಮ್ಮ ಹೊಲದ ಪಕ್ಕದ ಮಡ್ಡಿಯನ್ನೇ ಆರಿಸಿಕೊಂಡಿದ್ದೇನೆ. ಇಷ್ಟು ತಿಂಗಳು ಆ ಕಡೆ ಕಾಲಿಡಲು ಆಗಿರಲಿಲ್ಲ. ಈಗ ಹೋಗಬೇಕು. ಅವನನ್ನು ಇಟ್ಟ ಜಾಗ ನೋಡಬೇಕು.

ಶೈಲಶ್ರೀ


ಹೈದರಾಬಾದ
28 ಮೇ 2024

ಶೈಲಾ,

ನಿನ್ನ ಮೇಲೆ ಸಿಟ್ಟಿಲ್ಲ. ಯಾರೂ ಏನೂ ಅಂದಿಲ್ಲ. ಜೇವರ್ಗಿಯ ವಿಷಯದಲ್ಲಿ ನೀನು ಹೇಳಿದ್ದು ಸರಿ, ಮತ್ತೆ ನೋಡಿದೆ. ಬೇರೆ ನೆಲದ ಅಳತೆಗೋಲಿನಿಂದ ಅದನ್ನು ನೋಡಿದ್ದು ನನ್ನ ತಪ್ಪು.

ಒಂದು ಕೇಳಿಕೊಳ್ಳುತ್ತೇನೆ. ಸರಸಂಬಾಕ್ಕೆ ಈಗ ಹೋಗಬೇಡ. ಆಳಂದದಲ್ಲಿ ಬೇರೆ ಮಡ್ಡಿಗಳಿವೆ. ಶ್ರಾವಣದಲ್ಲಿ ನಾನು ಬರುತ್ತೇನೆ, ಇಬ್ಬರೂ ಕೂಡಿ ಹೋಗೋಣ. ಹೋಗುವ ಮೊದಲು ನಿನ್ನ ಹತ್ತಿರ ಮಾತಾಡುವುದಿದೆ. ಇದು ಕಾಗದದಲ್ಲಿ ಬರೆಯುವಂಥದ್ದಲ್ಲ. ಒಮ್ಮೆ ಈ ನನ್ನ ಮಾತು ಕೇಳು.

ಶಾಂತು


ಸರಸಂಬಾ
10 ಜೂನ್ 2024

ಶಾಂತಕುಮಾರ ಅವರಿಗೆ,

ನಿಮ್ಮ ಮಾತು ಕೇಳಲಿಲ್ಲ. ನಾನು ಇಲ್ಲಿಗೆ ಬರುವುದು ನಿಮ್ಮವರಿಗೆ ಇಷ್ಟವಿಲ್ಲ, ಅದಕ್ಕೇ ತಡೆಯುತ್ತಿದ್ದೀರಿ ಎಂದುಕೊಂಡು ಹಟದಿಂದಲೇ ಬಂದೆ.

ಅತ್ತೆ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. ಉಣ್ಣಿಸಿದರು. ತಲೆಗೆ ಎಣ್ಣೆ ಹಚ್ಚಿದರು. ಒಂದು ಮಾತೂ ಎತ್ತಲಿಲ್ಲ. ಎರಡನೆಯ ದಿನ ನಾನೇ ಹೊಲಕ್ಕೆ ಕರೆದುಕೊಂಡು ಹೋಗಿ ಎಂದೆ. ಮಳೆ ಬಿದ್ದಿತ್ತು. ಭಾವನವರು ಆಚೆ ಕಡೆ ತೊಗರಿ ಬಿತ್ತಿಸುತ್ತಿದ್ದರು. ಬದುವಿನ ಮೇಲೆ ನಡೆಯುತ್ತಾ ಕೇಳಿದೆ:

‘ಅತ್ತಿ, ನನ್ನ ಮಗನ್ನ ಎಲ್ಲಿ ಇಟ್ಟೀರಿ?’

ಅವರು ನಿಂತು ನನ್ನ ಮುಖ ನೋಡಿದರು. ‘ಯಾವ ಮಗ ಬೇ?’

‘ನನ್ನ ಕೂಸ್ರಿ.’

‘ಕೂಸು ಅಲ್ಲೇ ಅದ, ಬನ್ನಿ ಗಿಡದ ಬುಡಕ್ಕ. ಮಗ ಯಾಕಂತಿ? ಹೆಣ್ಣಲ್ಲೇನ ಅದು?’

ನಾನು ಬನ್ನಿ ಗಿಡವನ್ನೇ ನೋಡುತ್ತಿದ್ದೆ. ಅವರಿಗೆ ನನ್ನ ತಲೆ ಕೆಟ್ಟಿತೇನೋ ಎಂದು ಗಾಬರಿ. ಎರಡೂ ತೋಳು ಹಿಡಿದು ಅಲ್ಲಾಡಿಸಿದರು. ‘ಶೈಲಾ, ನನ್ನ ಕಡಿ ನೋಡು. ನಾನೇ ನನ್ನ ಸೀರಿ ಹರದು ಸುತ್ತೀನಿ. ಹಣಿಗೆ ಈಬತ್ತಿ ಹಚ್ಚಿ, ಎದಿಗೆ ಲಿಂಗ ಕಟ್ಟೀನಿ. ನನಗ ಗೊತ್ತಾಗಂಗಿಲ್ಲೇನು? ಶಾಂತು ಹೇಳಿಲ್ಲೇನ ನಿನಗ?’

‘ಗಂಡು ಅಂತ ಹೇಳ್ಯಾರ್ರಿ.’

ಅತ್ತೆ ಬದುವಿನ ಮೇಲೆ ಕೂತುಬಿಟ್ಟರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ‘ಆಕಿ ಮುಂದ ಕೂಸಿನ ಮಾತು ತಗೀಬ್ಯಾಡ ಅಂದಿದ್ದ. ಅದಕ್ಕ ನಾ ಬಾಯಿ ಕಟ್ಟಿಕೊಂಡು ಇದ್ದೀನಿ. ಹಿಂಗ ಹೇಳ್ಯಾನಂತ ನನಗೇನು ಗೊತ್ತವಾ.’

ಗೊತ್ತಿಲ್ಲದಿದ್ದರೆ ಖಾಲಿ ಬಿಡು ಎಂದು ನನಗೆ ಪಾಠ ಹೇಳಿದವರು ನೀವು. ಗೊತ್ತಿದ್ದೂ ತಪ್ಪು ಬರೆದವರೂ ನೀವೇ. ಆಸ್ಪತ್ರೆಯ ಕಾಗದಗಳನ್ನೆಲ್ಲ ನೀವೇ ಎತ್ತಿಟ್ಟಿರಿ, ನಾನು ಕೇಳಲಿಲ್ಲ. ಗಂಡನ ಮಾತಿಗಿಂತ ಕಾಗದ ಯಾಕೆ ಬೇಕು ಎಂದುಕೊಂಡೆ. ಮಗನಿಗೆ ನಾನು ಬೇಡವಾದೆ ಎಂದು ಅತನೂರಿನಿಂದ ಬರೆದೆನಲ್ಲ, ಅದನ್ನು ಓದಿಯೂ ನಿಮಗೆ ಹೇಳಬೇಕೆನ್ನಿಸಲಿಲ್ಲವೇ? ಪರೀಕ್ಷೆಯ ಪೇಪರು ಬಂದಿದ್ದವು ಎಂದು ಬರೆದಿರಿ.

ಯಾಕೆ?

ಶೈಲಶ್ರೀ


ಹೈದರಾಬಾದ
14 ಜೂನ್ 2024

ಶೈಲಾ,

ಆಸ್ಪತ್ರೆಯಲ್ಲಿ ನೀನು ಮೂರನೆಯ ದಿನ ಕಣ್ಣು ಬಿಟ್ಟೆ. ಆಗ ಮೊದಲು ಕೇಳಿದ್ದು ನಿನಗೆ ನೆನಪಿಲ್ಲ. ತುಟಿ ಒಣಗಿ ಅಂಟಿಕೊಂಡಿತ್ತು. ಒದ್ದೆ ಹತ್ತಿಯಿಂದ ಒರೆಸಿದೆ. ‘ನಮ್ಮವ್ವ ಬಂದಾಳೇನ್ರಿ?’ ಎಂದೆ ನೀನು.

ಹೆಣ್ಣು ಕೂಸೇ ಎಂದು ನೀನು ಕೇಳಿದ್ದರೆ ಹೌದು ಎನ್ನುತ್ತಿದ್ದೆನೇನೋ. ನೀನು ಕೇಳಿದ್ದು ಅವ್ವನನ್ನು. ನಿನ್ನವ್ವ ಬಂದಿದ್ದಳು, ಬಂದು ಹೋದಳು, ನಿನ್ನೆ ಮೊನ್ನೆಯೇ ಮಣ್ಣು ಮಾಡಿದೆವು ಎಂದು ಯಾವ ಬಾಯಿಂದ ಹೇಳಲಿ? ಒಂದು ವರ್ಷದಲ್ಲಿ ಎರಡು ಸಲ ಆಕೆಯನ್ನು ಕಳೆದುಕೊಂಡರೆ ನೀನು ಉಳಿಯುವುದಿಲ್ಲ ಎಂದು ಭಯವಾಯಿತು. ನಿನ್ನ ವಿಷಯದಲ್ಲಿ ಡಾಕ್ಟರು ಇನ್ನೂ ಏನನ್ನೂ ಖಚಿತವಾಗಿ ಹೇಳಿರಲಿಲ್ಲ. ‘ಇಲ್ಲ, ಗಂಡು’ ಎಂದುಬಿಟ್ಟೆ. ಗಂಡಾದರೆ ಅವನು ಯಾರೋ, ನೀನು ಹೆಸರಿಟ್ಟು ಕರೆದವನಲ್ಲ, ದುಃಖ ಕಡಿಮೆಯಾದೀತು ಎಂದು ಆ ಕ್ಷಣಕ್ಕೆ ಅನ್ನಿಸಿತು. ನೀನು ಕಣ್ಣು ಮುಚ್ಚಿದೆ. ಸಮಾಧಾನವಾಯಿತೆಂದೇ ತಿಳಿದೆ.

ಆಮೇಲೆ ನೀನು ‘ನನ್ನ ಮಗ’ ಎಂದಾಗಲೆಲ್ಲ ನನ್ನ ಬಾಯಿ ಕಟ್ಟಿತು. ಹೌದು ಎಂದರೆ ಇನ್ನೊಂದು ಸುಳ್ಳು, ಅಲ್ಲ ಎನ್ನುವ ಧೈರ್ಯವಿಲ್ಲ. ಅದಕ್ಕೇ ಲೆಕ್ಕದ ಮಾತು ಬರೆದೆ. ನಿನ್ನ ಏಪ್ರಿಲ್ ಕಾಗದ ಓದಿದ ಮೇಲೆ ಕಾಲೇಜಿಗೆ ಹೋಗಲಿಲ್ಲ. ಬರೆದೆ, ಹರಿದೆ. ನಿನ್ನನ್ನು ಉಳಿಸಲು ಹೇಳಿದ ಮಾತೇ ನಿನ್ನನ್ನು ಕೊಲ್ಲುತ್ತಿದೆ ಎಂದು ಗೊತ್ತಾಗಿಯೂ ಹೇಳಲಿಲ್ಲ.

ನಾನು ಯಾರ ಮುಂದೆಯೂ ಅವಳಿಗಾಗಿ ಅತ್ತಿಲ್ಲ. ಅಳಬಹುದಾಗಿದ್ದದ್ದು ನಿನ್ನೊಬ್ಬಳ ಮುಂದೆ.

ಶಾಂತು


ಸರಸಂಬಾ
30 ಜೂನ್ 2024

ನಿಮ್ಮ ಕಾಗದಕ್ಕೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ.

ಇಲ್ಲಿಯ ಅಳತೆ ಮುಗಿಯಿತು. ಬಂದೇನವಾಜ ನಿನ್ನೆ ಊರಿಗೆ ಹೋದ. ಹೋಗುವಾಗ ‘ಮೇಡಮ್, ಅಮ್ಮಿ ಕರದಾಳ್ರಿ. ಖೋಲಿ ಖಾಲಿನೇ ಅದ, ಬೇಕಾದಾಗ ಬರ್ರಿ’ ಎಂದ. ಏನು ಕಂಡಿತೋ ನನ್ನ ಮುಖದಲ್ಲಿ.

ದಿನಾ ಸಂಜೆ ಅತ್ತೆ, ನಾನು ಬನ್ನಿ ಗಿಡದವರೆಗೆ ಹೋಗಿ ಬರುತ್ತೇವೆ. ಗಂಗಾ ಎಂದು ಕರೆಯಲು ನೋಡಿದೆ. ನಾಲಿಗೆ ಹೊರಳಲಿಲ್ಲ. ಒಂಬತ್ತು ತಿಂಗಳು ನಾನು ಬೇರೊಬ್ಬರಿಗೆ ಅತ್ತಿದ್ದೇನೆ, ಇವಳಿಗೆ ಒಂದು ಹನಿಯೂ ಇಲ್ಲ. ಸತ್ತ ಕೂಸಿಗೆ ತಾಯಿಯ ಅಳುವಾದರೂ ಬೇಡವೇ? ಅದನ್ನೂ ನೀವು ಅವಳಿಗೆ ಸಿಗಗೊಡಲಿಲ್ಲ.

ಅತ್ತೆಯನ್ನು ಎಷ್ಟು ಕೇಳಿದರೂ ಕೂದಲು ಬಹಳ ಇತ್ತು ಎನ್ನುತ್ತಾರೆ, ಅಳುತ್ತಾರೆ, ಮುಂದೆ ಹೇಳಲಾಗುವುದಿಲ್ಲ. ಕಣ್ಣು ತುಂಬ ನೋಡಿ ಹೇಳಬಲ್ಲವರು ನೀವೊಬ್ಬರೇ. ನೀವು ಕ್ಷಮೆ ಕೇಳುವುದು ಬೇಡ, ಕಾರಣ ಹೇಳುವುದೂ ಬೇಡ. ಅವಳು ಹೇಗಿದ್ದಳು ಎಂದು ಬರೆಯಿರಿ. ನನ್ನ ಮನಸ್ಸಿಗೆ ನೋವಾಗುತ್ತದೆಂದು ಏನನ್ನೂ ಬಿಡಬೇಡಿ.

ಶೈಲಾ


ಹೈದರಾಬಾದ
5 ಜುಲೈ 2024

ಶೈಲಾ,

ಕೂದಲು ಕಪ್ಪಗೆ, ದಟ್ಟವಾಗಿ, ಒದ್ದೆಯಾಗಿ ಹಣೆಗೆ ಅಂಟಿತ್ತು. ಹಣೆ ಅಗಲ. ಹುಬ್ಬು ಇನ್ನೂ ಸರಿಯಾಗಿ ಮೂಡಿರಲಿಲ್ಲ, ಪೆನ್ಸಿಲಿನಿಂದ ತೆಳುವಾಗಿ ಎಳೆದಂತಿತ್ತು. ಎಡಗಿವಿಯ ಮೇಲಂಚು ಮಡಿಚಿಕೊಂಡಿತ್ತು. ಬೆರಳಿನಿಂದ ಬಿಡಿಸಿದೆ, ಮತ್ತೆ ಮಡಿಚಿಕೊಂಡಿತು. ತುಟಿ ಕಪ್ಪಾಗಿತ್ತು. ನೀನು ಬಿಡಬೇಡ ಎಂದೆ, ಅದಕ್ಕೇ ಬರೆದೆ.

ಮೂಗು ನಿನ್ನದು. ಗದ್ದದಲ್ಲಿ ನಿಮ್ಮವ್ವನಿಗಿದ್ದಂಥ ಗುಳಿ ಇತ್ತು. ಕೈಬೆರಳುಗಳು ಉದ್ದ, ಉಗುರುಗಳೆಲ್ಲ ಬಂದಿದ್ದವು. ನರ್ಸು ತೂಕ ಹೇಳಿದಳು, ನನ್ನ ತಲೆಗೆ ಹೋಗಲಿಲ್ಲ. ಕೈಗೆ ಕೊಟ್ಟಾಗ ಬೆಚ್ಚಗಿದ್ದಳು. ಅದು ನಿನ್ನ ಮೈಯ ಕಾವು.

ಮುಖದಲ್ಲಿ ಬೇಸರವಿತ್ತೇ ಎಂದು ನೀನು ಕೇಳಿದ್ದೆ. ಇರಲಿಲ್ಲ. ನಿದ್ದೆ ಮಾಡುವ ಕೂಸಿನ ಮುಖ.

ಕಲಬುರಗಿಯಿಂದ ಸರಸಂಬಾದವರೆಗೆ ಕಾರಿನಲ್ಲಿ ನನ್ನ ತೊಡೆಯ ಮೇಲೇ ಇದ್ದಳು. ನಮ್ಮವ್ವ ಪಕ್ಕದಲ್ಲಿದ್ದಳು. ಕಿಟಕಿಯಿಂದ ಬಿಸಿಲು ಮುಖಕ್ಕೆ ಬೀಳುತ್ತಿತ್ತು, ಅವ್ವನ ಸೆರಗು ಎಳೆದು ಅಡ್ಡ ಹಿಡಿದೆ. ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ ಡ್ರೈವರನಿಗೆ ‘ಸಾವಕಾಶ ಹೋಗಪಾ’ ಎಂದೆ. ಅವನು ಸಾವಕಾಶವೇ ಹೋದ. ಆ ದಾರಿ ಮುಗಿಯದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಶಾಂತು


ಅತನೂರ
25 ಆಗಸ್ಟ್ 2024

ಏನ್ರೀ,

ಹೋದ ಸೋಮವಾರ ನೀವು ಬಂದು ಹೋದ ಮೇಲೆ ನಾನೂ ಸರಸಂಬಾ ಬಿಟ್ಟೆ. ಬಾನುಬಿಯವರ ಖೋಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಬನ್ನಿ ಗಿಡದ ಬುಡದಲ್ಲಿ ನೀವು ಹಸಿ ಮಣ್ಣಿನ ಮೇಲೇ ಕೂತು ಜೋರಾಗಿ ಅತ್ತಿರಿ. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ತಿರುಗಿ ನೋಡಿದರು. ನಿಮ್ಮ ತಲೆಯ ಮೇಲೆ ಕೈಯಿಟ್ಟೆ. ನನಗೂ ಅಳು ಬಂತು, ಅವಳಿಗಾಗಿಯೇ ಬಂತು. ನಿಮ್ಮ ಕಾಗದ ಓದಿದ ಮೇಲೆ ಅವಳ ಮುಖ ನನಗೆ ಸಿಕ್ಕಿದೆ. ಗಂಗಾ ಎಂದು ಕರೆದೆ, ನೀವೂ ಕೇಳಿಸಿಕೊಂಡಿರಿ. ಆ ಕಾಗದಕ್ಕೆ ನಿಮಗೆ ಋಣಿ.

ಆಳಂದ ಬಸ್‌ಸ್ಟ್ಯಾಂಡಿನಲ್ಲಿ ‘ಬರ್ತೀಯೇನು ಶೈಲಾ, ನಮ್ಮ ಮನೀಗಿ?’ ಎಂದಿರಿ. ಬಸ್ಸು ಹೊರಟಿತು, ನಾನು ಉತ್ತರ ಹೇಳಲಿಲ್ಲ. ಈಗ ಹೇಳುತ್ತೇನೆ. ಬರುವುದಿಲ್ಲ. ಕಲಬುರಗಿಯಲ್ಲಿ ಮನೆ ನೋಡಿದ್ದೇನೆ, ಓತಿಗಳ ಪ್ರಬಂಧ ಅಲ್ಲಿಂದಲೇ ಮುಗಿಸುತ್ತೇನೆ. ಮೂರೂ ತಾಲೂಕಿನ ಲೆಕ್ಕವನ್ನು ನೀವೇ ನೋಡಿಕೊಡಬೇಕು, ಅದನ್ನು ಬೇರೆಯವರ ಕೈಗೆ ಕೊಡಲಾರೆ.

ಇದು ಸಿಟ್ಟಲ್ಲ. ಸಿಟ್ಟು ಜುಲೈನಲ್ಲೇ ಇಳಿಯಿತು. ನಿಮಗೆ ತಿಳಿಸಿ ಹೇಳಲು ಆಗುತ್ತದೆಯೋ ಇಲ್ಲವೋ, ನೋಡುತ್ತೇನೆ. ಗಂಗಾ ಹೋದದ್ದು ನಮ್ಮಿಬ್ಬರಿಗೂ. ಆದರೆ ನನಗೆ ಒಬ್ಬ ಮಗನೂ ಇದ್ದ. ಒಂಬತ್ತು ತಿಂಗಳು ನನ್ನ ಜೊತೆ ಇದ್ದ, ಮಡ್ಡಿಯಿಂದ ಮಡ್ಡಿಗೆ ತಿರುಗಿದ. ಅವನಿಗೆ ಹಲ್ಲು ಬಂದವು. ಅಂಬೆಗಾಲಿಟ್ಟ. ಬಾನುಬಿಯವರ ಹೊಸ್ತಿಲು ದಾಟಲು ಹೋಗಿ ಬಿದ್ದ. ಜೂನ್ ತಿಂಗಳಲ್ಲಿ, ಆ ಬದುವಿನ ಮೇಲೆ, ಅತ್ತೆ ಒಂದು ಮಾತಾಡಿದ ಕೂಡಲೇ ಅವನು ಇಲ್ಲವಾದ. ಮಣ್ಣು ಮಾಡಲು ಮೈಯಿಲ್ಲ, ಹೋಗಿ ಕೂರಲು ಗಿಡವಿಲ್ಲ. ಅವನು ಇರಲೇ ಇಲ್ಲ ಎಂದು ನಿಮಗೆ ಗೊತ್ತು. ನನ್ನ ಪಕ್ಕದಲ್ಲಿ ನೀವು ಕೂತರೆ ಅವನಿಗಾಗಿ ಅಳಲು ನನಗೆ ನಾಚಿಕೆಯಾಗುತ್ತದೆ. ಹೀಗೆ ನಾಚಿಕೊಂಡು ಒಂದೇ ಮನೆಯಲ್ಲಿ ಇರಲಾರೆ.

ನೀವು ಊಟ ಬಿಡಬೇಡಿ. ಅತ್ತೆಗೆ ವಾರಕ್ಕೊಮ್ಮೆ ಫೋನು ಮಾಡಿ, ನಾನೂ ಮಾಡುತ್ತೇನೆ.

ಅವನಿಗೆ ಒಂದು ಹೆಸರಿಟ್ಟಿದ್ದೆ. ಅದನ್ನು ನಿಮಗೆ ಬರೆಯುವುದಿಲ್ಲ.

ಶೈಲಾ